ಬೀಳದ ಸೂರಿಗೆ ದುಡ್ಡಿಲ್ಲ

ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಗುತ್ತಿದ್ದದ್ದು ಸುಣ್ಣ. ಸ್ಕೂಲಿನ ಸೂರು ಸೋರುತ್ತಿದೆ ಎಂದು ಬರೆದರೆ ಸುಣ್ಣ ಹೊಡೆಸಲು ಹಣ ಬರುತ್ತಿತ್ತು. ಗೋಡೆ ಬಿರುಕು ಬಿಟ್ಟಿದೆ ಎಂದರೂ ಸುಣ್ಣಕ್ಕೆ ಬರುತ್ತಿತ್ತು. ಬಾಗಿಲನ್ನೇ ಯಾರೋ ಹೊತ್ತುಕೊಂಡು ಹೋಗಿದ್ದಾರೆ ಎಂದು ಒಬ್ಬ ಹೆಡ್‌ಮಾಸ್ಟರು ಬರೆದಿದ್ದರು. ಅವರಿಗೂ ಸುಣ್ಣವೇ ಹೋಯಿತು. ಬಾಗಿಲಿಲ್ಲದ ಆ ಸ್ಕೂಲಿನೊಳಗೆ ಎಮ್ಮೆಗಳು ಬೆಳ್ಳಗಿನ ಗೋಡೆಗೆ ಮೈ ಉಜ್ಜಿಕೊಂಡು, ಊರ ತುಂಬ ಬಿಳಿ ಪಟ್ಟೆ ಹೊತ್ತು ತಿರುಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಈಗ ಇಂಜಿನಿಯರಿಂಗ್ ಮುಗಿಸಿ ಇಂಥ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಕೆಲವೊಮ್ಮೆ ಮನೆಗೆ ಬರುತ್ತಾರೆ. "ನಿಮ್ಮ ಕಾಲ ಚೆನ್ನಾಗಿತ್ತು ಬಿಡಿ ಸಾರ್, ಇಷ್ಟೊಂದು ಕಿರಿಕಿರಿ ಇರಲಿಲ್ಲ" ಅನ್ನುತ್ತಾರೆ. ಆ ಮಾತು ಕೇಳಿದಾಗೆಲ್ಲ ಮೈ ಉರಿಯುತ್ತದೆ. ಅದಕ್ಕೇ ಬರೆಯಲು ಕೂತೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಅನ್ನುವುದು ಯಾರಿಗೂ ಬೇಡ. ಒಂದು ಸ್ಕೂಲಿನ ಸೂರು ಸರಿ ಮಾಡಲು ಏನೇನಾಯಿತು ಎಂಬುದನ್ನು ಹೇಳುತ್ತೇನೆ. ಮಿಕ್ಕಿದ್ದನ್ನು ನೀವೇ ಊಹಿಸಿಕೊಳ್ಳಬಹುದು.

ಎಪ್ಪತ್ತರ ದಶಕದಲ್ಲಿ ಡಿಪ್ಲೊಮಾ ಮುಗಿಸಿ ಗುಬ್ಬಿಯಲ್ಲಿ ಓವರ್‌ಸಿಯರ್ ಆಗಿ ಸೇರಿದೆ. ತಾಲ್ಲೂಕಿನ ಸರ್ಕಾರಿ ಸ್ಕೂಲುಗಳ ಕಟ್ಟಡ ನೋಡಿಕೊಳ್ಳುವುದು, ಎಸ್ಟಿಮೇಟು ಹಾಕುವುದು, ಅದನ್ನು ತುಮಕೂರಿನ ಕಚೇರಿಗೆ ಕಳಿಸುವುದು ನನ್ನ ಕೆಲಸ. ಹಣ ಎರಡು ಬಗೆ. ಒಂದು ಸಣ್ಣ ದುರಸ್ತಿಯದು. ಅದು ವರ್ಷ ವರ್ಷವೂ ಬರುತ್ತಿತ್ತು. ಇನ್ನೊಂದು ವಿಶೇಷ ದುರಸ್ತಿಯದು, ಅಂದರೆ ಸೂರು, ತೊಲೆ, ಗೋಡೆಯಂಥ ದೊಡ್ಡ ಕೆಲಸದ್ದು. ಅದು ಬಂದರೆ ಬಂತು, ಇಲ್ಲವಾದರೆ ಇಲ್ಲ. ಸಣ್ಣ ದುರಸ್ತಿಯ ಹಣವನ್ನಾದರೂ ನಾಲ್ಕಾರು ಕೆಟ್ಟ ಸ್ಕೂಲುಗಳಿಗೆ ಒಟ್ಟುಗೂಡಿಸಿ ಕೊಡೋಣ ಎಂದು ತಾಲ್ಲೂಕು ಬೋರ್ಡಿನ ಅಧ್ಯಕ್ಷರ ಮುಂದೆ ಒಮ್ಮೆ ಬಾಯಿ ಬಿಟ್ಟೆ.

"ಏನ್ರೀ ನೀವು, ಹೊಸಬ್ರಾ?" ಅಂದರು ಅವರು. "ಒಂದೂರಿಗೆ ಕೊಟ್ಟು ಇನ್ನೊಂದೂರಿಗೆ ಬಿಟ್ರೆ ನನ್ನ ಸುಮ್ನೆ ಬುಡ್ತಾರಾ? ಎಲ್ರಿಗೂ ಸಮವಾಗಿ ಹಂಚಿ."

ಸಮವಾಗಿ ಹಂಚಿದರೆ ಒಂದೊಂದು ಸ್ಕೂಲಿಗೆ ಬರುವುದು ಸುಣ್ಣಕ್ಕಷ್ಟೇ ಸಾಲುತ್ತಿತ್ತು.

ಸರೋಜಮ್ಮ ಮೇಡಂ ಅವರನ್ನು ನಾನು ಮೊದಲು ಕಂಡದ್ದು ಇಂಥದ್ದೇ ಒಂದು ಸುಣ್ಣದ ಕೆಲಸಕ್ಕೆ ಹೋದಾಗ. ಕಡಬದ ಕೆರೆ ಏರಿ ದಾಟಿ, ತೆಂಗಿನ ತೋಟಗಳ ನಡುವೆ ಸೈಕಲ್ ತುಳಿದುಕೊಂಡು ಹೋದರೆ ಅವರ ಸ್ಕೂಲಿದ್ದ ಊರು. ಊರಿನ ಹೆಸರು ಬೇಡ. ಅಲ್ಲಿನ ಪ್ರೈಮರಿ ಸ್ಕೂಲಿಗೆ ಅವರು ಹೆಡ್‌ಮಿಸ್ಟ್ರೆಸ್. ದಿನವೂ ಗುಬ್ಬಿಯಿಂದ ಬಸ್ಸಿನಲ್ಲಿ ಬಂದು ಹೋಗುವವರು. ಸಣ್ಣ ಆಳು, ಗಟ್ಟಿ ದನಿ.

"ಸುಣ್ಣ ಆಮೇಲೆ ಹೊಡ್ಸೋರಂತೆ ಸಾರ್, ಮೊದ್ಲು ಒಳಗ್ ಬನ್ನಿ" ಅಂದರು.

ಕಟ್ಟಡದಲ್ಲಿ ಎರಡು ದೊಡ್ಡ ಕೋಣೆಗಳು. ಊರಿನವರೇ ಹಿಂದೆ ಯಾವಾಗಲೋ ಕೂಲಿಯಿಲ್ಲದೆ ದುಡಿದು ಕಟ್ಟಿದ್ದು. ಕಲ್ಲು ಊರ ಹೊರಗಿನ ಬಂಡೆಯದು, ಮರ ತೋಟಗಳದ್ದು, ಹೆಂಚು ಯಾರೋ ಸಾಹುಕಾರರು ಕೊಡಿಸಿದ್ದು. ಬಲಗಡೆಯ ಕೋಣೆಯ ನಡುವಿನ ತೊಲೆ ಬಾಗಿ, ಅದರ ಮೇಲಿನ ಹೆಂಚೆಲ್ಲ ಒಂದು ಕಡೆಗೆ ಜಾರಿ ಕೂತಿತ್ತು. ಗೋಡೆಗುಂಟ ಗೆದ್ದಲಿನ ಮಣ್ಣು ಹತ್ತಿತ್ತು. ಸರೋಜಮ್ಮ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದರು. ಗೆರೆಯ ಈಚೆಗೆ ಮಕ್ಕಳೆಲ್ಲ ಒತ್ತಿಕೊಂಡು ಕೂತಿದ್ದರು. ಆಚೆಯ ಅರ್ಧ ಕೋಣೆ ಖಾಲಿ.

"ಗೆರೆಯಾಚೆ ಏನೈತೆ?" ಎಂದು ಒಂದು ಪುಟ್ಟ ಹುಡುಗಿಯನ್ನು ಕೇಳಿದೆ.

"ಕೆರೆ ಐತೆ ಸಾ. ವೋದ್ರೆ ಮುಳುಗೋಯ್ತೀವಿ."

ಸಣ್ಣ ಮಕ್ಕಳು ದಾಟದಿರಲಿ ಎಂದು ಮೇಡಂ ಹಾಗೆ ಹೇಳಿಕೊಟ್ಟಿದ್ದರು. ನನಗೆ ನಗು ಬರಲಿಲ್ಲ. ಆವತ್ತೇ ಏಣಿ ಹಾಕಿಸಿ ಅಳತೆ ತೆಗೆದೆ. ಆ ವಾರವೇ ಎಸ್ಟಿಮೇಟು ತುಮಕೂರಿಗೆ ಹೋಯಿತು. ಹೊಸ ಕೆಲಸ, ಎಳೆಯ ರಕ್ತ. ಮಳೆಗಾಲದೊಳಗೆ ಹೊಸ ತೊಲೆ ಏರಿಸಿಬಿಡುತ್ತೇನೆ ಎಂದು ಮೇಡಂಗೆ ಹೇಳಿಯೂ ಬಂದೆ.

ಎಸ್ಟಿಮೇಟು ವಾಪಸು ಬಂತು. ಮರದ ದರ ಹಳೆಯದು ಎಂದು ಆಕ್ಷೇಪಣೆ. ತಿದ್ದಿ ಕಳಿಸಿದೆ. ನಕ್ಷೆ ಟ್ರೇಸಿಂಗ್ ಬಟ್ಟೆಯ ಮೇಲಿಲ್ಲ ಎಂದು ಮತ್ತೆ ಬಂತು. ಬಟ್ಟೆಯ ಮೇಲೆ ಬರೆದು ಕಳಿಸಿದೆ. ಅಷ್ಟರಲ್ಲಿ ಮರದ ದರ ಮತ್ತೆ ಹಳೆಯದಾಗಿತ್ತು. ಕೊನೆಗೆ ನಾನೇ ಕಟ್ಟು ಹಿಡಿದುಕೊಂಡು ತುಮಕೂರಿನ ಕಚೇರಿಗೆ ಹೋದೆ.

ಅಲ್ಲಿ ನಮ್ಮ ದೊಡ್ಡ ಇಂಜಿನಿಯರು ಶ್ರೀಕಂಠಯ್ಯನವರು. ಮುಟ್ಟಿದರೆ ಮಾಸುವಂಥ ಬಿಳಿ ಅಂಗಿ, ಮೇಜಿನ ಮೇಲೆ ಮನೆಯಿಂದ ತಂದ ನೀರಿನ ತಂಬಿಗೆ. ಅವರು ಒಂದು ಕಾಸು ಮುಟ್ಟಿದವರಲ್ಲ. ಹಾಗೆಯೇ ಒಂದು ಕೆಲಸ ಬೇಗ ಮಾಡಿದವರೂ ಅಲ್ಲ. ಕಡತವನ್ನು ನಿಧಾನವಾಗಿ ಓದಿ, ಕನ್ನಡಕ ತೆಗೆದರು.

"ಈ ಕಟ್ಟಡದ ಬೆಲೆ ಎಷ್ಟು?"

"ಬೆಲೆ ಗೊತ್ತಿಲ್ಲ ಸಾರ್. ಊರವರು ಕಟ್ಟಿದ್ದು. ರಿಜಿಸ್ಟರಲ್ಲಿ ಸೊನ್ನೆ ಅಂತ ಇದೆ."

"ದುರಸ್ತಿ ಖರ್ಚು ಕಟ್ಟಡದ ಬೆಲೆಯ ಇಂತಿಷ್ಟು ಪಾಲು ಮೀರಬಾರದು ಅಂತ ರೂಲ್ಸಿದೆ. ಗೊತ್ತಾ?"

"ಗೊತ್ತು ಸಾರ್."

"ಸೊನ್ನೆಯಲ್ಲಿ ಇಂತಿಷ್ಟು ಪಾಲು ಅಂದ್ರೆ ಎಷ್ಟಾಯ್ತು?"

"ಸೊನ್ನೆ" ಎಂದು ಅವರೇ ಉತ್ತರ ಹೇಳಿದರು. "ಈ ಕಟ್ಟಡಕ್ಕೆ ಒಂದು ಮೊಳೆ ಹೊಡೆದರೂ ರೂಲ್ಸ್ ಮೀರಿದ ಹಾಗೆ."

"ಮಕ್ಕಳು ಅದರ ಕೆಳಗೆ ಕೂರ್ತಾವೆ ಸಾರ್."

"ನನಗೇನು ಮಕ್ಕಳಿಲ್ಲವೇನ್ರಿ? ನಾನೇನು ಕಲ್ಲೇ? ಆಡಿಟ್‌ನೋರು ಬಂದು ಪೆನ್ಷನ್ ಹಿಡಿದ್ರೆ ನಿಮ್ಮ ಮಕ್ಕಳು ಬಂದು ಊಟ ಹಾಕ್ತಾರಾ ನಂಗೆ?"

ಹಾಗಾದರೆ ಅಪಾಯದ ಕಟ್ಟಡ ಎಂದು ಬರೆಯಲೇ ಎಂದು ಕೇಳಿದೆ. ಬರೆಯಬಹುದು, ಬರೆದರೆ ಬೀಗ ಹಾಕಬೇಕು, ಹೊಸ ಕಟ್ಟಡಕ್ಕೆ ಹಣವಿಲ್ಲ, ಅದು ಬರುವ ತನಕ ಮಕ್ಕಳನ್ನು ಕಡಬಕ್ಕೆ ಕಳಿಸಬೇಕಾಗುತ್ತದೆ ಎಂದರು. ಅದನ್ನು ಸರೋಜಮ್ಮನವರಿಗೆ ಹೇಳಿದಾಗ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಮೇಲೆ ಹರಿಹಾಯ್ದರು.

"ಬೀಗ ಹಾಕಿ ಸಾರ್, ಹಾಕಿ. ಗಂಡುಡುಗ್ರು ಹೆಂಗೋ ಕಡಬಕ್ಕೆ ನಡ್ಕೊಂಡು ಹೋಗ್ತವೆ. ಹೆಣ್ಮಕ್ಳು? ಒಂದೇ ಒಂದು ಹೋಗಲ್ಲ. ಎಲ್ಲಾ ದನದ್ ಹಿಂದೆ ಹೋಗ್ತವೆ. ನಾನು ಒಂದೊಂದು ಮನೆ ಬಾಗಿಲಿಗೆ ಹೋಗಿ, ಬೈಸ್ಕೊಂಡು ಕರ್ಕೊಂಡ್ಬಂದಿರೋ ಮಕ್ಳು ಅವು."

ಬೀಗ ಹಾಕಲಿಲ್ಲ. ಗೆರೆ ಹಾಗೇ ಇತ್ತು.

ಮಾರ್ಚಿ ತಿಂಗಳೆಂದರೆ ಏನೆಂದು ಹೊಸಬರಿಗೆ ಹೇಳಬೇಕು. ವರ್ಷವೆಲ್ಲ ಹಣವಿಲ್ಲ ಹಣವಿಲ್ಲ ಎನ್ನುವ ಸರ್ಕಾರ ಮಾರ್ಚಿಯಲ್ಲಿ ಇದ್ದಕ್ಕಿದ್ದಂತೆ ದಾನಶೂರ ಕರ್ಣನಾಗುತ್ತದೆ. ತಿಂಗಳ ಕೊನೆಯೊಳಗೆ ಖರ್ಚಾಗದಿದ್ದರೆ ಹಣ ಲ್ಯಾಪ್ಸ್, ಸರ್ಕಾರಕ್ಕೇ ವಾಪಸು. ಒಂದು ಮಾರ್ಚಿಯಲ್ಲಿ ವಿಶೇಷ ದುರಸ್ತಿಯ ಹಣ ಹಾಗೆ ಬಂತು. ನನ್ನ ಸ್ಕೂಲಿನ ಬೆಲೆ ಸೊನ್ನೆ. ಹಾಗಾಗಿ ಬೆಲೆಯಿರುವ ಕಟ್ಟಡವನ್ನು ಹುಡುಕಿದರು. ತುಮಕೂರು ಪೇಟೆಯೊಳಗಿನ ಒಂದು ಸ್ಕೂಲು ಸಿಕ್ಕಿತು. ಅದರ ಸೂರಿಗೆ ಏನೂ ಆಗಿರಲಿಲ್ಲ. ಆದರೆ ಕಡತ ಸರಿಯಾಗಿತ್ತು. ಆ ಕೆಲಸ ಮುಗಿಸಲು ಗುಬ್ಬಿಯಿಂದ ನನ್ನನ್ನೇ ಕರೆಸಿದರು. ಕಲ್ಲಿನಂಥ ಮರ, ಒಂದು ಹನಿ ಸೋರದ ಹೆಂಚು. ಅವನ್ನೆಲ್ಲ ಇಳಿಸಿ ಹೊಸ ಹೆಂಚು ಹೊದಿಸಿದೆವು. ಆ ಸ್ಕೂಲಿನ ಹೆಡ್‌ಮಾಸ್ಟರು ಪಾಪ, "ಯಾಕ್ ಸಾರ್ ಚೆನ್ನಾಗಿರೋದನ್ನ ಕೀಳ್ತಿದೀರಿ?" ಎಂದು ಕೇಳುತ್ತಲೇ ಇದ್ದರು.

ಇಳಿಸಿದ ಹೆಂಚನ್ನು ಕಡಬದ ಕಡೆಗೆ ಕಳಿಸುತ್ತೇನೆ ಎಂದು ಕೇಳಿದೆ. ಶ್ರೀಕಂಠಯ್ಯನವರು ತಲೆಯಾಡಿಸಿದರು. ಹಳೆಯ ಸಾಮಾನು ಹರಾಜಾಗಬೇಕು, ಯಾರು ಬೇಕಾದರೂ ಕೂಗಬಹುದು. ಯಾರು ಬೇಕಾದರೂ ಎಂದ ಮೇಲೆ ಸರೋಜಮ್ಮನವರಿಗೆ ಹೇಳಿ ಕಳಿಸಿದೆ.

ಹರಾಜಿನ ದಿನ ಅವರು ರಜೆ ಹಾಕಿ ಬಂದರು. ಜೊತೆಯಲ್ಲಿ ಊರಿನ ಹಿರಿಯ ಗಂಗಣ್ಣ. ಊರವರು ಮನೆಗಿಷ್ಟು ತೆಂಗಿನಕಾಯಿ ಎಂದು ಕೂಡಿಸಿ, ತುಮಕೂರಿನ ಮಂಡಿಗೆ ಹಾಕಿ, ಆ ದುಡ್ಡನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಕಾಯಿ ತಂದ ಲಾರಿಯೇ ಹೆಂಚು ತುಂಬಿಕೊಳ್ಳಲು ರಸ್ತೆಯಲ್ಲಿ ಕಾದಿತ್ತು. ಉಳಿದವರೆಲ್ಲ ಹಳೇ ಸಾಮಾನಿನ ವ್ಯಾಪಾರಿಗಳು, ಬೇಗ ಹಿಂದೆ ಸರಿದರು. ಒಬ್ಬ ಮಾತ್ರ ಬಿಡಲಿಲ್ಲ. ಹಿರೇಹಳ್ಳಿ ಕಡೆ ವರ್ಕ್‌ಶಾಪ್ ಹಾಕುತ್ತಿದ್ದವನು. ಗಂಗಣ್ಣ ಕೂಗಿದಷ್ಟಕ್ಕೂ ಅವನು ಮೇಲೆ ಕೂಗಿದ. ಗಂಗಣ್ಣನ ಟವೆಲ್ಲಿನಲ್ಲಿದ್ದ ದುಡ್ಡಿನಷ್ಟೂ ಕೂಗಿ ಮುಗಿಯಿತು. ಸರೋಜಮ್ಮ ನೇರ ಅವನ ಮುಂದೆ ಹೋಗಿ ನಿಂತರು.

"ಏನಪ್ಪಾ, ನಿನ್ ವರ್ಕ್‌ಶಾಪಲ್ಲಿ ಮಕ್ಳು ಕೂರ್ತಾರಾ?"

"ಕೂರಲ್ಲ ಕಣ್ ತಾಯಿ. ಆದ್ರೆ ಮಳೆ ಅಲ್ಲೂ ಬೀಳ್ತದಲ್ಲ."

"ನೀನು ಯಾವ ಸ್ಕೂಲಲ್ಲಿ ಓದಿದ್ದು?"

ಅವನು ತಲೆ ಕೆರೆದುಕೊಂಡ. ಕೊನೆಗೆ, "ಓದಿದ್ರೆ ಇಂಗ್ಯಾಕೆ ಹಳೇ ಹೆಂಚು ಕೂಗ್ತಿದ್ದೆ? ತಗೊಂಡ್ ಹೋಗ್ರವ್ವ, ಹಾಳಾಗಿ ಹೋಗ್ಲಿ" ಎಂದು ಕೈ ಒದರಿ ಹೊರಟ.

ಲಾರಿ ಹೆಂಚು ತುಂಬಿಕೊಂಡು ಹೋಯಿತು. ಆವತ್ತು ನಾನು ಗೆದ್ದೆ ಅಂದುಕೊಂಡೆ. ಒಂದು ವಾರ ಕಳೆಯುವಷ್ಟರಲ್ಲಿ ಮೇಲಿನಿಂದ ತಾಕೀತು ಬಂತು. ಸರ್ಕಾರಿ ಕಟ್ಟಡಕ್ಕೆ ಅನುಮತಿಯಿಲ್ಲದೆ ಊರವರು ಯಾವ ಬದಲಾವಣೆಯನ್ನೂ ಮಾಡಕೂಡದು. ನೋಡಿ ಇದನ್ನು. ದುಡ್ಡು ಕೊಡುವಾಗ ಅದು ಬೆಲೆಯೇ ಇಲ್ಲದ ಕಟ್ಟಡ. ಊರವರು ಮುಟ್ಟಲು ಹೋದರೆ ಅದು ಸರ್ಕಾರಿ ಕಟ್ಟಡ. ಹೆಂಚು ಸ್ಕೂಲಿನ ಗೋಡೆಗೆ ಒರಗಿ ಕೂತಿತು. ಅದರ ಮೇಲೆ ಯಾರೋ ಹೀರೇ ಬಳ್ಳಿ ಹಬ್ಬಿಸಿದರು. ಒಳ್ಳೇ ಕಾಯಿ ಬಿಡುತ್ತಿತ್ತು.

ಅಷ್ಟರಲ್ಲಿ ನನ್ನನ್ನು ಕುಣಿಗಲ್ಲಿಗೆ ವರ್ಗ ಮಾಡಿದರು.

ಕುಣಿಗಲ್ಲಿನಲ್ಲಿ ನಾನು ಕಲಿತದ್ದು ಒಂದೇ ಪಾಠ. ಕೊತ್ತಗೆರೆಯ ಆಚೆ ಒಂದು ಹಳ್ಳಿಯ ಸ್ಕೂಲು, ಅದರದ್ದೂ ಇದೇ ಕಥೆ. ಬರೆದೂ ಬರೆದೂ ಅಲ್ಲಿನ ನಂಜೇಗೌಡ ಮೇಷ್ಟ್ರಿಗೆ ಸಾಕಾಗಿತ್ತು. ಒಂದು ಮಳೆಗಾಲ, ಭಾನುವಾರ ಮಧ್ಯಾಹ್ನ, ಸೋರುವ ಕೋಣೆಯಲ್ಲಿ ಭೂಪಟಗಳು ನೆನೆಯುತ್ತವಲ್ಲ ಎಂದು ಅವರು ಎತ್ತಿಡಲು ಹೋದರು. ಸೂರು ಕುಸಿಯಿತು. ಒಂದು ತೊಲೆ ಅವರ ಕಾಲಿನ ಮೇಲೆ ಬಿತ್ತು. ಸೋಮವಾರವಾಗಿದ್ದರೆ ಎಂದು ಇವತ್ತಿಗೂ ನೆನೆಯಲು ನನಗೆ ಧೈರ್ಯವಿಲ್ಲ.

ಮರುದಿನ ನೋಡಬೇಕಿತ್ತು ಆ ಊರನ್ನು. ಜೀಪಿನ ಹಿಂದೆ ಜೀಪು. ನಾನು ಎಷ್ಟು ಬರೆದರೂ ಬಾರದವರೆಲ್ಲ ಬಂದರು. ಮಳೆ ಹಾನಿ ಪರಿಹಾರದ ಹಣದಲ್ಲಿ ಅಲ್ಲಿಯೇ, ಜೀಪಿನ ಮೂತಿಯ ಮೇಲೆ ಕಾಗದವಿಟ್ಟು ಮಂಜೂರು ಮಾಡಿದರು. ಕಟ್ಟಡದ ಬೆಲೆ ಎಷ್ಟು ಎಂದು ಒಬ್ಬರೂ ಕೇಳಲಿಲ್ಲ. ಬಿದ್ದ ಕಟ್ಟಡಕ್ಕೆ ಬೆಲೆ ಬೇಕಿರಲಿಲ್ಲ.

ನಾನು ಆಸ್ಪತ್ರೆಗೆ ಹೋದೆ. ನಂಜೇಗೌಡರ ಕಾಲಿಗೆ ಪ್ಲಾಸ್ಟರು ಹಾಕಿ ಮೇಲಕ್ಕೆ ಕಟ್ಟಿದ್ದರು.

"ದುಡ್ಡು ಬಂತಂತೆ ಸಾರ್?" ಅಂದರು.

"ಬಂತು ಮೇಷ್ಟ್ರೇ."

"ಎಂಗಿದೆ ನೋಡಿ. ಕಾಲು ಮುರಿದ್ರೆ ದುಡ್ಡು ಬರ್ತದೆ ಅಂತ ಮೊದ್ಲೇ ಗೊತ್ತಿದ್ದಿದ್ರೆ, ಮೊದ್ಲೇ ಮುರ್ಕೊಂಬುಡ್ತಿದ್ದೆ. ಅಷ್ಟೊಂದು ಅರ್ಜಿ ಬರೆಯೋದಾದ್ರೂ ತಪ್ತಿತ್ತು."

ಅವರು ನಕ್ಕರು. ಹಾಸಿಗೆಯ ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಮೇಷ್ಟ್ರು ಆಮೇಲೆ ನೆಟ್ಟಗೆ ನಡೆಯಲೇ ಇಲ್ಲ.

ಅಲ್ಲಿಂದ ಬಸ್ಸು ಹತ್ತಿ ನೇರ ತುಮಕೂರಿಗೆ ಹೋದೆ. ಶ್ರೀಕಂಠಯ್ಯನವರ ಕೋಣೆಗೆ ಚೀಟಿ ಕಳಿಸದೆ ನುಗ್ಗಿದೆ. ಅವರು ನಿವೃತ್ತಿಗೆ ಹತ್ತಿರವಾಗಿದ್ದರು. ನಾನು ಕೂಗಾಡಿದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. "ನಿಮ್ಮ ಪೆನ್ಷನ್ನು ನಿಮಗೆ ಬರುತ್ತೆ, ಆ ಮೇಷ್ಟ್ರ ಕಾಲು ವಾಪಸು ಬರಲ್ಲ" ಅಂದದ್ದು ನೆನಪಿದೆ. ಹೊರಗೆ ಟೈಪ್‌ರೈಟರುಗಳೆಲ್ಲ ನಿಂತುಬಿಟ್ಟವು.

ಅವರು ಬೈಯಲಿಲ್ಲ. ಎದ್ದು ಬಾಗಿಲು ಹಾಕಿ ಬಂದರು. ತಂಬಿಗೆಯಿಂದ ಒಂದು ಲೋಟ ನೀರು ಬಗ್ಗಿಸಿ ನನ್ನ ಮುಂದಿಟ್ಟರು.

"ಆ ಕಡಬದ ಕಡೆಯ ಸ್ಕೂಲು ಇನ್ನೂ ಹಾಗೇ ಇದೆಯಾ?"

"ಹಾಗೇ ಇದೆ ಸಾರ್."

"ದುರಸ್ತಿ ಅಂತ ಬರೀಬೇಡ್ರಿ."

"ಮತ್ತಿನ್ನೇನು ಬರೀಲಿ?"

"ಅಪಾಯದ ಭಾಗ ಇಳಿಸೋಕೆ ಯಾರ ಮಂಜೂರಾತಿಯೂ ಬೇಡ. ಗುಬ್ಬಿಯವರಿಗೆ ನಾನು ಹೇಳ್ತೀನಿ, ನೀವೇ ಹೋಗಿ ಮುಂದೆ ನಿಂತು ಇಳಿಸಿ. ಬರೀ ಗೋಡೆ ಉಳಿಯುತ್ತೆ. ಸೂರಿಲ್ಲದೆ ನಿಂತಿರೋ ಗೋಡೆಗೆ ಏನಂತಾರೆ?"

"ಪಾಳು ಗೋಡೆ ಅಂತಾರೆ."

"ಅಲ್ಲ ಕಣ್ರೀ. ಅರ್ಧ ಕಟ್ಟಿದ ಗೋಡೆ ಅಂತಾರೆ. ಅರ್ಧಕ್ಕೆ ನಿಂತ ಕಟ್ಟಡ ಪೂರ್ತಿ ಮಾಡೋಕೆ ಬೇರೆ ಹಣ ಇದೆ. ಅಲ್ಲಿ ಹಳೇ ಬೆಲೆ ಯಾರೂ ಕೇಳಲ್ಲ."

ಹಲವು ವರ್ಷ ನಾನು ತಿದ್ದಿ ತಿದ್ದಿ ಕಳಿಸಿದ ಎಸ್ಟಿಮೇಟುಗಳೆಲ್ಲ ಕಣ್ಣ ಮುಂದೆ ಬಂದವು.

"ಇದನ್ನ ಅವತ್ತೇ ಹೇಳಬಾರದಿತ್ತಾ ಸಾರ್?"

"ನೀವು ದುರಸ್ತಿ ದುರಸ್ತಿ ಅಂತ ಕೇಳ್ತಿದ್ರಿ. ನಾನು ದುರಸ್ತಿಗೆ ಉತ್ತರ ಕೊಡ್ತಿದ್ದೆ" ಎಂದು ಅವರು ಕನ್ನಡಕ ಒರೆಸಿಕೊಂಡರು. ಮನುಷ್ಯನ ಕತ್ತು ಹಿಸುಕಬೇಕೋ ಕಾಲಿಗೆ ಬೀಳಬೇಕೋ ತಿಳಿಯದೆ ನೀರು ಕುಡಿದು ಹೊರಗೆ ಬಂದೆ.

ಬೇಸಿಗೆ ರಜೆಯಲ್ಲಿ ಬಲಗಡೆಯ ಕೋಣೆಯ ಸೂರು ಇಳಿಸಿದೆವು. ಗಂಗಣ್ಣ ಊರ ಗಂಡಾಳುಗಳನ್ನೆಲ್ಲ ಕರೆತಂದಿದ್ದ. ಹೆಂಗಸರು ಹೆಂಚನ್ನು ಕೈಯಿಂದ ಕೈಗೆ ದಾಟಿಸಿದರು. ಮಧ್ಯಾಹ್ನದ ಹೊತ್ತಿಗೆ ನಡುವಿನ ತೊಲೆಗೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಸಲು ಎಳೆದರು. ಹಗ್ಗ ಬಿಗಿಯಾಗುವ ಮೊದಲೇ ತೊಲೆ ನಡುವಿಗೆ ಮುರಿದು, ದೊಪ್ಪನೆ ನೆಲಕ್ಕೆ ಬಿದ್ದು, ಬೂಸದ ಹಾಗೆ ಉದುರಿತು. ಮೇಲೆ ಎರಡು ಬೆರಳು ದಪ್ಪದ ಚಕ್ಕೆ ಬಿಟ್ಟರೆ ಒಳಗೆ ಮರವೇ ಇರಲಿಲ್ಲ. ಬರೀ ಗೆದ್ದಲ ಮಣ್ಣು.

ಪುಟ್ಟಮ್ಮ ಎಂಬ ಹೆಂಗಸು ಮುಂದೆ ಬಂದು, ಆ ಮಣ್ಣನ್ನು ಬೊಗಸೆಯಲ್ಲಿ ಎತ್ತಿಕೊಂಡಳು. ಅವಳ ಎರಡು ಮಕ್ಕಳು ಆ ಸ್ಕೂಲಿನಲ್ಲಿದ್ದವು.

"ಇದ್ರ ಕೆಳಗಾ ಸಾ ನನ್ ಮಕ್ಳು ಕೂತಿದ್ದು?"

ಸರೋಜಮ್ಮ ಜಗಲಿಯ ಮೇಲೆ ಕುಸಿದು ಕೂತರು. ಅಷ್ಟು ಗಟ್ಟಿ ಹೆಂಗಸು ಆವತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದನ್ನು ನೋಡಿದೆ. ಪುಟ್ಟಮ್ಮ ನನ್ನನ್ನು ಬಿಟ್ಟು ಅವರ ಬಳಿ ಹೋಗಿ, ಮಣ್ಣು ಕೈಯನ್ನು ಸೀರೆಗೆ ಒರೆಸಿಕೊಂಡು, ಪಕ್ಕದಲ್ಲಿ ಕೂತಳು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಇದು ಸರ್ಕಾರಿ ಕೆಲಸ. ಶ್ರೀಕಂಠಯ್ಯನವರು ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಕಡತ ನೋಡಿ, ಸರ್ಕಾರಿ ಕಟ್ಟಡದ ಸೂರನ್ನು ಯಾರ ಆದೇಶದ ಮೇಲೆ ಕೆಡವಿದಿರಿ ಎಂದು ನನಗೆ ನೋಟೀಸು ಕೊಟ್ಟರು. ಉತ್ತರ ಸರಿಯಿಲ್ಲದಿದ್ದರೆ ಅಮಾನತು. ಮಳೆಗಾಲ ಬಂದಿತ್ತು. ಮಕ್ಕಳು ಕೆಲವರು ಎಡಗಡೆಯ ಕೋಣೆಯಲ್ಲಿ, ಕೆಲವರು ಗಂಗಣ್ಣನ ಕೊಬ್ಬರಿ ಅಟ್ಟದ ಕೆಳಗೆ ಕೂರುತ್ತಿದ್ದರು. ನಾನು ಅತ್ತ ಹೋದಾಗ ಗಂಗಣ್ಣನೇ ಅಂದ, "ಇದ್ದ ಸೂರ್ನೂ ಕಿತ್ತಾಕ್ಬುಟ್ರಲ್ಲ ಸಾ. ಈಗ ಏನ್ ಮಾಡನ?"

ಶ್ರೀಕಂಠಯ್ಯನವರ ಮನೆಗೆ ಹೋಗಿ ನೋಟೀಸು ತೋರಿಸಿದೆ. ಬಾಯಿ ಮಾತಿನಲ್ಲಿ ಹೇಳಿದ್ದು, ಇಲ್ಲವೆಂದರೂ ನಾನೇನೂ ಮಾಡುವಂತಿರಲಿಲ್ಲ. ಅವರ ಪೆನ್ಷನ್ ಕಾಗದಗಳು ಆಗಿನ್ನೂ ಪೂರ್ತಿ ಆಗಿರಲಿಲ್ಲ. ಅವರು ಒಳಗೆ ಹೋಗಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ತಾವು ಆಳಿದ ಕಚೇರಿಯಲ್ಲಿ, ಬಂದವರು ಕೂರುವ ಬೆಂಚಿನ ಮೇಲೆ ಕರೆ ಬರುವ ತನಕ ಕೂತರು. ಒಳಗೆ ಹೋದಾಗ ಹೊಸ ಇಂಜಿನಿಯರಿಗೆ ಹೇಳಿದ್ದು ಇಷ್ಟೇ:

"ಈ ಹುಡುಗನದೇನೂ ಇಲ್ಲ. ಕೆಡವಲು ಹೇಳಿದ್ದು ನಾನು. ಬರೆದು ಕೊಡ್ತೀನಿ, ಕಾಗದ ಕೊಡಿ."

ಬದುಕಿನುದ್ದಕ್ಕೂ ಆಡಿಟ್ಟಿಗೆ ಹೆದರಿದ ಮನುಷ್ಯ ಅಲ್ಲಿಯೇ ನಿಂತು ಬರೆದು ಸಹಿ ಹಾಕಿದರು. ಅದಕ್ಕಾಗಿ ಅವರ ಪೆನ್ಷನ್ ಬಹಳ ಕಾಲ ತಡವಾಯಿತೆಂದು ಆಮೇಲೆ ಗೊತ್ತಾಯಿತು. ಆದರೆ ನನ್ನ ನೋಟೀಸು ಹೋಯಿತು. ಅರ್ಧ ಕಟ್ಟಿದ ಕಟ್ಟಡಕ್ಕೆ ಹಣವೂ ಬಂತು. ಕೆಲಸವನ್ನು ನನಗೇ ಒಪ್ಪಿಸಿದರು.

ಹಣ ಬಂದ ಮೇಲೆ ಹೊಸ ತಕರಾರು. ಆ ಲೆಕ್ಕದ ಕಟ್ಟಡಗಳಿಗೆ ಹೆಂಚು ಹಾಕುವಂತಿಲ್ಲ, ಕಾಂಕ್ರೀಟಿನ ಸೂರೇ ಆಗಬೇಕು. ಹರಾಜಿನಲ್ಲಿ ಗೆದ್ದ ಹೆಂಚು ಮಕ್ಕಳಿಗೆ ಉಪ್ಪಿಟ್ಟು ಬೇಯಿಸುವ ಚಪ್ಪರಕ್ಕೆ ಹೋಯಿತು. ಸಿಮೆಂಟಿಗೆ ಪರ್ಮಿಟ್ಟು ಹಿಡಿದು ಕಾದೆವು. ಆ ಊರ ಕಡೆ ಕಾಂಕ್ರೀಟಿನ ಕೆಲಸ ಯಾರೂ ಸರಿಯಾಗಿ ಕಲಿತಿರಲಿಲ್ಲ, ಕಂಬಿ ಕಟ್ಟುವವರು ಬೆಂಗಳೂರಿನಿಂದ ಬರಬೇಕಾಯಿತು. ಅಂತೂ ಎಂಬತ್ತರ ದಶಕ ಅರ್ಧ ದಾಟುವ ಹೊತ್ತಿಗೆ, ಗೆರೆಯಾಚೆ ಕೆರೆಯಿದೆ ಎಂದಿದ್ದ ಆ ಹುಡುಗಿ ಹೈಸ್ಕೂಲು ಮುಗಿಸಿ ಮದುವೆಯಾಗಿ ಹೋದ ಮೇಲೆ, ಬಲಗಡೆಯ ಕೋಣೆಗೆ ಹೊಸ ಸೂರು ಬಂತು.

ಉದ್ಘಾಟನೆ ಜೋರಾಗಿಯೇ ಆಯಿತು. ಶಾಮಿಯಾನ, ಮೈಕು, ಎಳನೀರು. ಅಧ್ಯಕ್ಷರು, ಅವರ ಹಿಂದಿನವರು, ಮುಂದೆ ಆಗಬೇಕೆಂದಿದ್ದವರು, ಎಲ್ಲರೂ ಮಾತಾಡಿದರು. ಹೊಸ ಕೋಣೆ ಕೊಟ್ಟೆವು ಎಂದರು. ಶ್ರೀಕಂಠಯ್ಯನವರನ್ನು ನಾನೇ ಕರೆದಿದ್ದೆ. ಹಿಂದಿನ ಸಾಲಿನಲ್ಲಿ ಕೂತಿದ್ದರು. ಯಾರಿಗೂ ಅವರ ಗುರುತಿರಲಿಲ್ಲ. ವಂದನಾರ್ಪಣೆ ಸರೋಜಮ್ಮನವರದು. ಎಲ್ಲರ ಹೆಸರೂ ಹೇಳಿ ವಂದಿಸಿದರು. ಕೊನೆಗೆ ಹಿಂದಿನ ಸಾಲಿಗೂ ಕೈ ಮುಗಿದರು. ಜನ ಏಳುತ್ತಿದ್ದರು. ಅವರು ಮೈಕು ಬಿಡಲಿಲ್ಲ.

"ಇನ್ನೊಂದ್ ಮಾತು. ಈ ಎಡಗಡೆ ಕೋಣೆ ಇದ್ಯಲ್ಲ, ಇದೂ ಆವಾಗ್ಲೇ ಕಟ್ಟಿದ್ದು. ಇದರದ್ದೂ ಅದೇ ತೋಟದ ಮರ."

"ಆಗ್ಲಿ ಆಗ್ಲಿ, ಅರ್ಜಿ ಕೊಡಿ ಅಮ್ಮ" ಎಂದು ಅಧ್ಯಕ್ಷರು ಜೀಪು ಹತ್ತಿದರು.

ಧೂಳು ಇಳಿಯುವ ಮೊದಲೇ ಗಂಗಣ್ಣ ಎಡಗಡೆಯ ಕೋಣೆಗೆ ಏಣಿ ತಂದು ಇಟ್ಟಿದ್ದ. ಸಮಾರಂಭಕ್ಕೆಂದು ಹಾಕಿದ್ದ ಹೊಸ ಅಂಗಿಯಲ್ಲೇ ಹತ್ತಿದೆ. ಹೊರಗಿನಿಂದ ತೊಲೆ ನುಣ್ಣಗೆ, ಚೆನ್ನಾಗಿಯೇ ಕಾಣುತ್ತಿತ್ತು. ಗಂಗಣ್ಣ ಕೊಟ್ಟ ಸ್ಕ್ರೂಡ್ರೈವರನ್ನು ಅದಕ್ಕೆ ಒತ್ತಿದೆ. ಬಾಳೆ ದಿಂಡಿಗೆ ಚುಚ್ಚಿದ ಹಾಗೆ ಹಿಡಿಯ ತನಕ ಒಳಗೆ ಹೋಯಿತು.

ಕೆಳಗೆ ನೋಡಿದೆ. ಸರೋಜಮ್ಮ, ಪುಟ್ಟಮ್ಮ, ಶ್ರೀಕಂಠಯ್ಯನವರು, ಎಲ್ಲರೂ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದರು.

"ಮೇಡಂ, ನಾಳೆಯಿಂದ ಎಲ್ಲಾ ಮಕ್ಕಳನ್ನೂ ಹೊಸ ಕೋಣೇಲೇ ಕೂರಿಸಿ."

"ಎಲ್ರನ್ನೂನಾ? ಹಿಡಿಸಲ್ಲ ಸಾರ್."

"ಹಿಡಿಸಿ ಮೇಡಂ" ಅಂದೆ. ಏಣಿ ಇಳಿದು, ಅಳತೆಯ ಟೇಪಿನ ಒಂದು ತುದಿಯನ್ನು ಶ್ರೀಕಂಠಯ್ಯನವರ ಕೈಗೆ ಕೊಟ್ಟೆ. ಅವರು ಅದನ್ನು ಗೋಡೆಗೆ ಒತ್ತಿ ಹಿಡಿದುಕೊಂಡರು.